ನಮ್ಮ ಮಾವನ ಪಾಯಿಂಟು

ನಮ್ಮ ಸೋದರಮಾವ ನಿಮ್ಮ ಕೈ ಕುಲುಕಲು ಬಂದರೆ ಸ್ವಲ್ಪ ಹುಷಾರಾಗಿರಿ. ಅವನು ಕ್ಷೇಮಸಮಾಚಾರ ವಿಚಾರಿಸುತ್ತಿದ್ದಾನೆ ಎಂದು ನೀವು ತಿಳಿದಿರುತ್ತೀರಿ. ಅವನು ವಿಚಾರಿಸುತ್ತಿರುವುದು ನಿಮ್ಮ ಚರ್ಮವನ್ನು! ಮೊದಲು ಅಂಗೈ ಹಿಡಿಯುತ್ತಾನೆ. ಆಮೇಲೆ ತನ್ನ ಕೈ ಮಗುಚಿ, ಬೆರಳುಗಳ ಬೆನ್ನಿನಿಂದ ನಿಮ್ಮ ಮುಂಗೈಯನ್ನು ಒಂದು ಸಲ ಸವರುತ್ತಾನೆ. ಕಣ್ಣು ಅರ್ಧ ಮುಚ್ಚಿ ತಲೆಯಾಡಿಸುತ್ತಾನೆ. ಅಷ್ಟರಲ್ಲಿ ನಿಮ್ಮ ತೀರ್ಮಾನ ಆಗಿಹೋಗಿರುತ್ತದೆ. ನೀವು ಎಷ್ಟು ಪಾಯಿಂಟಿನ ಆಸಾಮಿ ಎಂಬುದು ನಿಮ್ಮನ್ನು ಕಟ್ಟಿಕೊಂಡವರಿಗೂ ಗೊತ್ತಿಲ್ಲದಿರಬಹುದು, ನಮ್ಮ ಮಾವನಿಗೆ ಗೊತ್ತಾಗಿರುತ್ತದೆ.

ಪಾಯಿಂಟು ಎಂದರೆ ಮತ್ತೇನಲ್ಲ. ಪಂಕ್ಚರ್ ಅಂಗಡಿಯಲ್ಲಿ ಗಾಡಿ ನಿಲ್ಲಿಸಿ "ಮುಂದಕ್ಕೆ ಮೂವತ್ತು ಪಾಯಿಂಟ್ ಹಾಕಿ" ಎನ್ನುತ್ತೇವಲ್ಲ, ಅದೇ. ಗಾಳಿಯ ಒತ್ತಡದ ಅಳತೆ. ನಮಗೆಲ್ಲ ಅದು ಟೈರಿಗೆ ಶುರುವಾಗಿ ಟೈರಿಗೇ ಮುಗಿಯುತ್ತದೆ. ಮಾವನಿಗೆ ಮಾತ್ರ ಜಗತ್ತೇ ಪಾಯಿಂಟುಗಳಿಂದ ಆಗಿದೆ.

ದೊಡ್ಡಬಳ್ಳಾಪುರ ದಾಟಿ, ಕಾರ್ಖಾನೆಗಳ ಸಾಲು ಮುಗಿದು ರಾಗಿ ಹೊಲ ಕಾಣಿಸಿಕೊಳ್ಳುವ ಕಡೆ ಅವನದೊಂದು ತಗಡಿನ ಶೆಡ್ ಇದೆ. ತುಕ್ಕು ಹಿಡಿದ ಗೇಟು, ಬಣ್ಣ ಸುಲಿದ ಟ್ರಾಲಿ, ಕಾರ್ಖಾನೆಯವರ ಪೈಪು, ಹೀಗೆ ವಯಸ್ಸಾದದ್ದೆಲ್ಲ ಅಲ್ಲಿಗೆ ಬರುತ್ತದೆ. ಕಂಪ್ರೆಸರಿನ ಗಾಳಿಯ ಜೊತೆ ಹರಳಿನಂಥ ಪುಡಿಯನ್ನು ಸೇರಿಸಿ, ದಪ್ಪ ಪೈಪಿನ ತುದಿಯಿಂದ ರಭಸವಾಗಿ ಹೊಡೆದರೆ ತುಕ್ಕು, ಬಣ್ಣ, ಜಿಡ್ಡು ಎಲ್ಲ ಹಾರಿಹೋಗಿ ಒಳಗಿನ ಮೈ ಬೆಳ್ಳಗೆ ಎದ್ದು ಬರುತ್ತದೆ. ಈ ಕೆಲಸಕ್ಕೆ ಬ್ಲಾಸ್ಟಿಂಗ್ ಎಂದು ಹೆಸರು. ಹೆಣ್ಣು ನೋಡಲು ಹೋದಾಗ ಮಾವ ತನ್ನ ಉದ್ಯೋಗ ಬ್ಲಾಸ್ಟಿಂಗ್ ಎಂದು ಹೇಳಿದ್ದೇ ತಡ, ಹೆಣ್ಣಿನ ತಂದೆ ಕಲ್ಲು ಕ್ವಾರಿಯೇ ಇರಬೇಕೆಂದುಕೊಂಡು, ಹುಡುಗನ ಎರಡೂ ಕೈಯ ಬೆರಳುಗಳು ಸರಿಯಾಗಿವೆಯೇ ಎಂದು ಕಾಫಿ ಕೊಡುವ ನೆಪದಲ್ಲಿ ಎಣಿಸಿದರಂತೆ.

ಮಾವನದು ನೇಯ್ಗೆಯವರ ಮನೆ. ನನ್ನ ಅಮ್ಮ ಹುಟ್ಟಿದ್ದೂ ಮಗ್ಗದ ಸದ್ದಿನಲ್ಲೇ. ಅಮ್ಮನಿಗಿಂತ ತುಂಬ ಚಿಕ್ಕವನಾದ ಈ ತಮ್ಮ ಮಾತ್ರ ಮಗ್ಗದಿಂದ ಎದ್ದು ಕಂಪ್ರೆಸರಿನ ಮುಂದೆ ಹೋಗಿ ಕೂತ. ಆದರೆ ಸೀರೆಯ ನುಣುಪನ್ನು ಬೆರಳ ಬೆನ್ನಿನಿಂದ ನೋಡುವ ಮನೆಯ ಅಭ್ಯಾಸವನ್ನು ಜೊತೆಯಲ್ಲೇ ಕೊಂಡೊಯ್ದ. ಅಂಗೈಗಿಂತ ಬೆರಳ ಬೆನ್ನಿಗೆ ಬುದ್ಧಿ ಜಾಸ್ತಿ ಎಂಬುದು ಅವನ ಸಿದ್ಧಾಂತ.

ಯಾವ ಮೈಗೆ ಎಷ್ಟು ಪಾಯಿಂಟು ಎಂಬ ವಿಷಯ ತೆಗೆದರೆ ಅವನ ಮುಖ ನೋಡಬೇಕು. ದಪ್ಪ ಉಕ್ಕಿನ ತೊಲೆಯೇ? ತೊಂಬತ್ತು, ನೂರು, ಧೈರ್ಯವಾಗಿ ಹೊಡಿ. ತೆಳು ತಗಡೇ? ಅದಕ್ಕೂ ನೂರು ಕೊಟ್ಟರೆ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ, ಐವತ್ತಕ್ಕೆ ಇಳಿ. ಅಲ್ಯೂಮಿನಿಯಂ ಆದರೆ ನಲವತ್ತು, ಅದೂ ಗಾಜಿನ ಪುಡಿಮಣಿಗಳಲ್ಲಿ. ಮರವಾದರೆ ಮೂವತ್ತರ ಆಸುಪಾಸು. ಜಾಸ್ತಿಯಾಯಿತೋ, ಮೆತ್ತಗಿನ ಭಾಗವೆಲ್ಲ ಹಾರಿಹೋಗಿ, ಮರದ ನರಗಳು ಎದ್ದು ಮುದುಕರ ಮುಂಗೈ ಆಗುತ್ತದೆ. ಹಳೆಯ ಇಟ್ಟಿಗೆ, ಹಳೆಯ ಗಾರೆ ಬಂದರೆ ಅವನು ಉತ್ತರವನ್ನೇ ಕೊಡುವುದಿಲ್ಲ. "ಮೊದ್ಲು ನೋಡ್ಬೇಕು" ಎನ್ನುತ್ತಾನೆ. ಎಲ್ಲದಕ್ಕೂ ಮೇಲೆ ಅವನ ಒಂದು ಮಂತ್ರ ಇದೆ.

"ಯಾವಾಗ್ಲೂ ಕೆಳಗಿಂದ ಶುರು ಮಾಡು. ಯಾರೂ ನೋಡ್ದೇ ಇರೋ ಮೂಲೇಲಿ ಒಂದು ಚೂರು ಹೊಡ್ದು ನೋಡು. ಸಾಲ್ದೇ ಇದ್ರೆ ಏರಿಸ್ಬೋದು. ಹಾರಿಹೋದ್ದನ್ನ ಮತ್ತೆ ಅಂಟ್ಸಕ್ಕಾಗಲ್ಲ."

ಇಷ್ಟರಲ್ಲೇ ನಿಲ್ಲಿಸಿದ್ದರೆ ಅವನು ಕಸುಬು ಬಲ್ಲ ಒಬ್ಬ ಸಭ್ಯ ಗೃಹಸ್ಥನಾಗಿ ಉಳಿಯುತ್ತಿದ್ದ. ನಿಲ್ಲಿಸಬೇಕಲ್ಲ! ತೂಬಗೆರೆಯ ಪುರೋಹಿತರನ್ನು ಕಂಡು "ಗ್ರಾನೈಟು, ಎಷ್ಟು ಹೊಡೆದ್ರೂ ಪಾಲಿಶ್ ಹೋಗಲ್ಲ" ಎಂದ. ನಮ್ಮ ಬೀದಿಯ ಚೀಟಿ ನಡೆಸುವವನನ್ನು ಕಂಡು "ಮೇಲೆ ಬಣ್ಣ ಚೆನ್ನಾಗಿದೆ, ಒಳಗೆ ತಗಡೇ ಇಲ್ಲ, ಬರೀ ಬಣ್ಣ ನಿಂತಿದೆ" ಎಂದ. ಇದನ್ನು ನಂಬಿ ನಾವು ಚೀಟಿಯಿಂದ ಹೊರಬಂದೆವು. ಚೀಟಿ ಸುಗಮವಾಗಿ ನಡೆಯಿತು, ಇವತ್ತಿಗೂ ನಡೆಯುತ್ತಿದೆ. ಹೆಂಡತಿಯನ್ನು, ಎಂದರೆ ನಮ್ಮ ಅತ್ತೆಯನ್ನು, ಅವನು ಬೀಡು ಕಬ್ಬಿಣ ಎಂದು ಗುರುತಿಸಿದ್ದಾನೆ.

"ಎಷ್ಟು ಪಾಯಿಂಟ್ ಕೊಟ್ರೂ ತಡ್ಕೊಳ್ತಾಳೆ. ಎತ್ತಿ ಹಾಕಿದ್ರೆ ಮಾತ್ರ ಎರಡು ಹೋಳು."

ಅತ್ತೆ ಒಲೆಯ ಮುಂದಿನಿಂದ ಕದಲದೆ ಹೇಳಿದಳು: "ನಾನು ಇಷ್ಟು ವರ್ಷ ತಡ್ಕೊಂಡಿರೋದು ಬರೀ ಗಾಳಿನ. ಪುಡಿ ಇನ್ನೂ ಬಂದಿಲ್ಲ."

ನನ್ನ ಮದುವೆಯ ಮಾತುಕತೆಯ ದಿನ ಹುಡುಗನ ಕಡೆಯವರು ಬಂದು ಕೂತಿದ್ದರು. ಉಪ್ಪಿಟ್ಟು ಆಗಿತ್ತು, ಜಾತಕದ ಮಾತೂ ಆಗಿತ್ತು. ಮಾವ ತಡವಾಗಿ, ಹುಬ್ಬಿನಲ್ಲಿ ಪುಡಿ ಇಟ್ಟುಕೊಂಡು ಬಂದ. ನೇರವಾಗಿ ಹುಡುಗನ ಹತ್ತಿರ ಹೋಗಿ ಕೈ ಕುಲುಕಿದ. ಮುಂಗೈ ಸವರಿದ. ಹುಡುಗನ ಅಕ್ಕ ತನ್ನ ತಮ್ಮನನ್ನು ಸ್ವಲ್ಪ ಈಚೆಗೆ ಎಳೆದುಕೊಂಡಳು. ಮಾವ ನನ್ನ ಪಕ್ಕ ಬಂದು, ಇಡೀ ನಡುಮನೆಗೆ ಕೇಳಿಸುವಂಥ ಗುಟ್ಟಿನ ದನಿಯಲ್ಲಿ ಹೇಳಿದ: "ಅಲ್ಯೂಮಿನಿಯಂ. ತುಕ್ಕು ಹಿಡಿಯಲ್ಲ, ಒಳ್ಳೇದೇ. ಆದ್ರೆ ನಲವತ್ತರ ಮೇಲೆ ಹೋಗ್ಬೇಡ, ತಗ್ಗು ಬೀಳುತ್ತೆ."

ಆ ಸಂಬಂಧ ಹೇಗೆ ಕುದುರಿತು ಎಂದು ನನಗೆ ಈಗಲೂ ಆಶ್ಚರ್ಯ. ನನ್ನ ಗಂಡ ಇವತ್ತಿಗೂ ನಾನು ಗದರಿದಾಗ ಮೀಟರು ನೋಡುವವನ ಹಾಗೆ ಮುಖ ಮಾಡಿ "ನಲವತ್ತೈದು ದಾಟಿತು" ಎನ್ನುತ್ತಾನೆ. ಏರಿದ ಕೋಪ ಅಲ್ಲಿಗೆ ಟುಸ್ಸೆನ್ನುತ್ತದೆ.

ಇಂಥ ತಜ್ಞನೂ ಒಮ್ಮೆ ಜಾರಿಬಿದ್ದ. ನಲ್ಲೂರಿನ ಕಡೆ ಯಾರೋ ಒಬ್ಬರು ತೋಟದ ಮನೆ ಕಟ್ಟಿಸಿ, ಎಲ್ಲಿಂದಲೋ ಹಳೆಯ ಸಾಗುವಾನಿ ಗೇಟು ತಂದಿದ್ದರು. ಅದರ ತುಂಬ ಬಳ್ಳಿ, ಹಕ್ಕಿಗಳ ಕೆತ್ತನೆ, ಕೆತ್ತನೆಯ ಸಂದಿಯಲ್ಲೆಲ್ಲ ಹಳೆಯ ಬಣ್ಣ. ಗಟ್ಟಿ ಹರಳಿನ ಪುಡಿ ಹೊಡೆದರೆ ಹಕ್ಕಿಗಳ ಕೊಕ್ಕು ಉಳಿಯುವುದಿಲ್ಲ. ಮೆತ್ತಗಿನ ಪುಡಿ ಬೇಕು. ಗೇಟು ನೋಡಿ ಬರುವಾಗ ಮಾವ ಆ ಊರಿನ ಹುಣಸೆ ತೋಪಿನ ನೆರಳಲ್ಲಿ ಎಳನೀರು ಕುಡಿಯಲು ನಿಂತ. ನಿಲ್ಲಬಾರದಿತ್ತು. ಕಾಲ ಕೆಳಗೆ ಒಂದು ಹುಣಸೆ ಬೀಜ ಸಿಕ್ಕಿತು. ಹಲ್ಲಿಗೆ ಕೊಟ್ಟು ಕಚ್ಚಿದ. ಗಟ್ಟಿ, ಆದರೆ ಕಲ್ಲಿನಷ್ಟಲ್ಲ. ಮಾವನ ಮುಖದಲ್ಲಿ ಬೆಳಕು ಮೂಡಿತು.

ಮನೆಗೆ ಹುಣಸೆ ಬೀಜದ ಮೂಟೆ ಬಂತು. ಅತ್ತೆ ಹುರಿದಳು, ಮಿಲ್ಲಿನವನು ಬೈದುಕೊಂಡು ತರಿತರಿಯಾಗಿ ಒಡೆದುಕೊಟ್ಟ. ಮಳೆಗಾಲದ ಒಂದು ದಿನ ಮಾವ ಗೇಟು ನಿಲ್ಲಿಸಿ, ಇಪ್ಪತ್ತೈದು ಪಾಯಿಂಟಿಗೆ ಇಟ್ಟು ಹೊಡೆದ. ಮಳೆಗಾಲದಲ್ಲಿ ಕಂಪ್ರೆಸರಿನ ಗಾಳಿಗೂ ನೀರು ಸೇರಿರುತ್ತದೆ. ಅದನ್ನು ಆಗಾಗ ಇಳಿಸಬೇಕು. ಸಂಭ್ರಮದಲ್ಲಿ ಯಾರೂ ಇಳಿಸಿರಲಿಲ್ಲ. ಹುಣಸೆ ಬೀಜದ ಪುಡಿಗೆ ನೀರು ಬಿದ್ದರೆ ಏನಾಗುತ್ತದೆ? ದೊಡ್ಡಬಳ್ಳಾಪುರದ ಯಾವ ನೇಕಾರರ ಮನೆಯ ಮಗುವನ್ನು ಕೇಳಿದರೂ ಹೇಳುತ್ತದೆ: ಗಂಜಿ ಆಗುತ್ತದೆ. ನೂಲಿಗೆ ಬಿಗಿ ಬರಲೆಂದು ಅವರ ಮನೆಗಳಲ್ಲಿ ತಲೆತಲಾಂತರದಿಂದ ಹಚ್ಚುತ್ತಿದ್ದ ಗಂಜಿಗಳಲ್ಲಿ ಅದೂ ಒಂದು. ನಮ್ಮ ಮಾವ, ಮೂರು ತಲೆಮಾರಿನ ನೇಕಾರರ ವಂಶೋದ್ಧಾರಕ, ಒಂದು ಸಾಗುವಾನಿ ಗೇಟಿಗೆ ಗಂಜಿ ಹಾಕಿ ಬಿಸಿಲಿಗೆ ಒಣಗಿಸಿದ.

ಗೇಟು ಫಳಫಳ ಹೊಳೆಯುತ್ತಿತ್ತು. ಮಾಲೀಕರು ಮೆಚ್ಚಿ ಕೊಂಡೊಯ್ದರು. ವಾರ ಕಳೆದ ಮೇಲೆ ಫೋನು ಬಂತು.

"ಸಾರ್, ಏನ್ ಪಾಲಿಶ್ ಸಾರ್ ಇದು? ಪಕ್ಕದ ಹಟ್ಟಿ ಮೇಕೆ ಎಲ್ಲಾ ಬಂದು ಗೇಟು ನೆಕ್ತಾ ನಿಂತಿವೆ."

ಮಾವ ಫೋನು ಇಟ್ಟ ಕೂಡಲೇ ಅತ್ತೆ ಅಂದಳು: "ನೀವು ಕಸುಬು ಬಿಟ್ರೂ ಕಸುಬು ನಿಮ್ಮನ್ನ ಬಿಡ್ಲಿಲ್ಲ." ಮಾವ ಗೇಟನ್ನು ವಾಪಸು ತರಿಸಿ, ಬಿಸಿನೀರಲ್ಲಿ ತೊಳೆದು, ಮುಸುಕಿನ ಜೋಳದ ಒಣಗಿದ ದಿಂಡನ್ನು ಪುಡಿ ಮಾಡಿಸಿ ಮತ್ತೆ ಹೊಡೆದ. ದಿಂಡಿನ ಪುಡಿ ಅದ್ಭುತವಾಗಿ ಕೆಲಸ ಮಾಡಿತು. ಹಕ್ಕಿಗಳ ಕೊಕ್ಕು ಉಳಿಯಿತು. ಮೇಕೆಗಳು ಮಾತ್ರ ಬಹಳ ದಿನ ನಿರಾಸೆಯಿಂದ ಬಂದು ಹೋಗುತ್ತಿದ್ದವಂತೆ.

ಇದೆಲ್ಲ ನಗುವ ಮಾತು. ಹೋದ ವರ್ಷ ನಡೆದದ್ದನ್ನು ಹೇಳಿಬಿಡುತ್ತೇನೆ.

ಅಮ್ಮನ ತವರಿನಲ್ಲಿ ಈಗ ಅವಳ ಚಿಕ್ಕಪ್ಪನ ಮಕ್ಕಳು ಪವರ್‌ಲೂಮು ನಡೆಸುತ್ತಿದ್ದಾರೆ. ಹಿತ್ತಲಿನಲ್ಲಿ ಗಂಜಿ ಕಲಸುವ ಹಳೆಯ ಸಿಮೆಂಟಿನ ತೊಟ್ಟಿ ಇತ್ತು. ಹೊಸ ಮಗ್ಗಗಳಿಗೆ ಜಾಗ ಬೇಕು, ದೀಪಾವಳಿ ಕಳೆದ ಮೇಲೆ ತೊಟ್ಟಿ ಒಡೆಸುತ್ತೇವೆ ಎಂದು ಅವರು ಹೇಳಿ ಕಳುಹಿಸಿದರು. ಅದನ್ನು ಕೇಳಿದ ದಿನ ಅಮ್ಮ ಊಟ ಬಿಟ್ಟಳು. ಗಂಜಿ ತೊಟ್ಟಿಗೆ ಯಾರಾದರೂ ಊಟ ಬಿಡುತ್ತಾರೆಯೇ? ನಾನು ಕೇಳಿದ ಮೇಲೆ ಹೇಳಿದಳು.

ಆ ತೊಟ್ಟಿ ಕಟ್ಟಿದಾಗ ನನ್ನ ಅಜ್ಜಿ, ಎಂದರೆ ಅಮ್ಮನ ಅಮ್ಮ, ಆ ಮನೆಯ ಹೊಸ ಸೊಸೆ. ಗಾರೆ ಹಸಿಯಿರುವಾಗ ಮನೆಯ ಸೊಸೆ ಅದಕ್ಕೆ ಅಂಗೈ ಒತ್ತಿದರೆ ತೊಟ್ಟಿ ಬರಿದಾಗುವುದಿಲ್ಲ ಎಂದು ಒತ್ತಿಸಿದ್ದರಂತೆ. ಅಮ್ಮ ಚಿಕ್ಕವಳಿದ್ದಾಗ ಅದರೊಳಗೆ ತನ್ನ ಕೈ ಇಟ್ಟು ಆಡುತ್ತಿದ್ದಳು. ಅಮ್ಮನಿಗೆ ಹತ್ತು ತುಂಬುವಷ್ಟರಲ್ಲಿ ಅಜ್ಜಿ ತೀರಿಕೊಂಡಳು. ಮಾವ ಆಗಿನ್ನೂ ತೊಟ್ಟಿಲ ಕೂಸು. ಅಜ್ಜಿಯ ಒಂದು ಫೋಟೋ ಇಲ್ಲ. ಅವಳ ಸೀರೆ, ಒಡವೆ ಯಾವುದೂ ಉಳಿದಿಲ್ಲ. ಉಳಿದದ್ದು ಆ ಕೈ ಒಂದೇ. ಅದರ ಮೇಲೂ ಯುಗಾದಿಗೊಮ್ಮೆ ಸುಣ್ಣ ಬಳಿದು ಬಳಿದು, ಆಮೇಲಿನವರು ಹಸಿರು ಎಣ್ಣೆಬಣ್ಣ, ನೀಲಿ ಎಣ್ಣೆಬಣ್ಣ ಹೊಡೆದು, ಕೈ ತುಂಬಿ ಮುಚ್ಚಿಹೋಗಿ ಎಷ್ಟೋ ಕಾಲವಾಗಿತ್ತು. ಅಮ್ಮನಿಗೆ ಎಪ್ಪತ್ತಾಗಿದೆ. ಒಂದು ಸಲ ಅದನ್ನು ನೋಡಬೇಕು ಎಂದಳು.

ಮಾವ ಅವತ್ತೇ ಕಟರ್ ಹಿಡಿದು ಹೋದ. ನಲ್ಲಿಯ ಪಕ್ಕದ ತೊಟ್ಟಿಯ ಗೋಡೆಯನ್ನು ಅಮ್ಮ ತೋರಿಸಿದಷ್ಟು ಅಗಲಕ್ಕೆ ಹುಷಾರಾಗಿ ಕೊಯ್ದು, ಹಳೆಯ ಸೀರೆಗಳಲ್ಲಿ ಸುತ್ತಿ, ಬಸುರಿಯನ್ನು ಕರೆದೊಯ್ಯುವ ಹಾಗೆ ಗಾಡಿಯನ್ನು ಮೆಲ್ಲಗೆ ನಡೆಸಿಕೊಂಡು ತನ್ನ ಮನೆಗೆ ತಂದ. ನಡುಮನೆಯಲ್ಲಿ ಮಣೆಯ ಮೇಲೆ ಇಳಿಸಿದ. ಹೊರಗಿನಿಂದ ನೋಡಿದರೆ ನೀಲಿ ಬಣ್ಣದ ಒಂದು ಸಿಮೆಂಟು ಹಲಗೆ, ಅಷ್ಟೇ. ಒಳಗೆ ಕೈ ಇದೆಯೋ, ಯಾವತ್ತೋ ಸವೆದುಹೋಗಿದೆಯೋ ಯಾರಿಗೂ ಗೊತ್ತಿಲ್ಲ. ಅತ್ತೆ ಮಾತ್ರ ಅದಕ್ಕೆ ಕುಂಕುಮ ಇಟ್ಟಳು.

"ಮದ್ವೆ ಆಗಿ ಇಷ್ಟು ವರ್ಷಕ್ಕೆ ನಮ್ಮತ್ತೆ ಮನೆಗೆ ಬಂದ್ರು" ಎಂದಳು. ನಗೆಗೇ ಹೇಳಿದಳು, ಆದರೆ ಸೆರಗು ಸರಿಮಾಡಿಕೊಂಡಳು.

ಈಗ ಹೊಡೆಯಬೇಕು. ಎಷ್ಟು ಪಾಯಿಂಟು? ಎಲ್ಲರೂ ಮಾವನ ಮುಖ ನೋಡಿದೆವು. ಮಾವ ಹಲಗೆಯನ್ನು ಬೆರಳ ಬೆನ್ನಿನಿಂದ ಸವರಿದ. ಮತ್ತೆ ಸವರಿದ. ಕೊನೆಗೆ "ಈ ವಾರ ಮೋಡ ಇದೆ" ಎಂದು ಎದ್ದುಹೋದ.

ಮುಂದಿನ ವಾರ ಬಿಸಿಲು ಬಂತು, ಕಂಪ್ರೆಸರಿನ ಬೆಲ್ಟು ಸರಿಯಿಲ್ಲ ಎಂದ. ಬೆಲ್ಟು ಬದಲಾಯಿತು, ಅಮಾವಾಸ್ಯೆ ಎಂದ. ದೇವರು ದಿಂಡರು ಎಂದರೆ ದೂರ ಓಡುವ ಮಾವ ಪಂಚಾಂಗ ನೋಡಿದ್ದು ಅದೇ ಮೊದಲು. ಅವನ ಕಷ್ಟ ನನಗೆ ಅರ್ಥವಾದದ್ದು ಸ್ವಲ್ಪ ತಡವಾಗಿ. ಮೇಲಿನ ಎಣ್ಣೆಬಣ್ಣ ಗಟ್ಟಿ, ಅದು ಒಡೆಯಲು ಒತ್ತಡ ಬೇಕು. ಅದರ ಕೆಳಗಿನ ಸುಣ್ಣ ಉಸಿರಿಗೇ ಹಾರುವಂಥದು. ಸುಣ್ಣದ ಕೆಳಗಿನ ಗಾರೆಯೋ, ಗಂಜಿಯ ನೀರು ಕುಡಿದು ಕುಡಿದು ಹುರಿಗಡಲೆ ಹಿಟ್ಟಿನ ಹಾಗೆ ಆಗಿದೆ. ಬಣ್ಣ ಒಡೆದ ಗಳಿಗೆಯಲ್ಲೇ ಪಾಯಿಂಟು ಇಳಿಸದಿದ್ದರೆ ಸುಣ್ಣದ ಜೊತೆ ಕೈಯೂ ಹೋಗುತ್ತದೆ. ಮೂಲೆಯಲ್ಲಿ ಹೊಡೆದು ನೋಡೋಣವೆಂದರೆ, ಕೈ ಯಾವ ಮೂಲೆಯಲ್ಲಿದೆ ಎಂಬುದೇ ತಿಳಿಯದು.

ಆಮೇಲೆ ಶುರುವಾಯಿತು ನೋಡಿ. ಮಾವ ಹಳೆಯ ಕಾಲದ ಹಾಗೆ ಸಿಮೆಂಟು ಕಮ್ಮಿ, ಮರಳು ಜಾಸ್ತಿ ಹಾಕಿ ಹಲಗೆಗಳನ್ನು ಎರಕ ಹೊಯ್ದ. ಹಸಿಯಿರುವಾಗಲೇ ಮನೆಯವರನ್ನೆಲ್ಲ ಕರೆದು ಅಂಗೈ ಒತ್ತಿಸಿದ. ಅತ್ತೆಯದು, ನನ್ನದು, ನನ್ನ ಗಂಡನದು, ಶೆಡ್ಡಿನ ಕೆಲಸಗಾರರದು, ಹಾಲು ಹಾಕಲು ಬಂದವಳದು. ಒಣಗಿದ ಮೇಲೆ ಸುಣ್ಣ ಬಳಿದ, ಮತ್ತೆ ಬಳಿದ, ಹಸಿರು ಹೊಡೆದ, ನೀಲಿ ಹೊಡೆದ. ಬೇಗ ಹಳೆಯದಾಗಲೆಂದು ಹಗಲು ಬಿಸಿಲಿಗೂ ರಾತ್ರಿ ಇಬ್ಬನಿಗೂ ಇಟ್ಟ. ನಡುನಡುವೆ ಗಂಜಿ ನೀರು ಎರೆದ. ಆಮೇಲೆ ಒಂದೊಂದನ್ನೇ ಎತ್ತಿ, ಒಂದೊಂದು ಪಾಯಿಂಟಿನಲ್ಲಿ ಹೊಡೆದು ನೋಡಿದ. ಅತ್ತೆಯ ಕೈ ಗಾರೆಯ ಸಮೇತ ಹಾರಿತು. ಹಾಲಿನವಳಿಗೆ ಬೆರಳು ಉಳಿಯಿತು, ಅಂಗೈ ಹೋಯಿತು. ನನ್ನ ಗಂಡನ ಕೈಯಂತೂ ಮೊದಲ ಏಟಿಗೇ ಮಾಯ.

"ನಾನು ಅಲ್ಯೂಮಿನಿಯಂ ಅಂತ ಅವತ್ತೇ ಹೇಳಿದ್ರಲ್ಲ ಮಾವ" ಎಂದು ಅವನು ವಿನಯದಿಂದ ನೆನಪಿಸಿದ.

ಶೆಡ್ಡಿನ ಅಂಗಳದ ತುಂಬ ಅರ್ಧ ಕೈ, ಮುಕ್ಕಾಲು ಕೈ, ಬೆರಳಿಲ್ಲದ ಕೈ. ಅರಿಶಿನಕುಂಟೆಯಿಂದ ಟ್ರಾಲಿ ತಂದಿದ್ದ ಒಬ್ಬರು ಗೇಟಿನಲ್ಲೇ ಬ್ರೇಕು ಹಾಕಿದರು. "ಏನ್ ಗುರು, ಮಾಟ ಗೀಟ ಮಾಡ್ತಿದೀರಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಟ್ರಾಲಿ ತಿರುಗಿಸಿದರು. ಮಾವ ಅವರನ್ನು ಕರೆಯಲಿಲ್ಲ. ಅವನ ಗಮನವೆಲ್ಲ ಕೈಯಲ್ಲಿದ್ದ ಮುರುಕು ಹಲಗೆಯ ಮೇಲಿತ್ತು. ಸರಿಯಾದ ಪಾಯಿಂಟು ಅವನಿಗೆ ಸಿಕ್ಕಿದ ಮೇಲೂ, ನನ್ನ ಕೈ ಗೆರೆಗಳ ಸಮೇತ ಎದ್ದು ಬಂದ ಮೇಲೂ, ನಡುಮನೆಯ ಹಲಗೆಯನ್ನು ಅವನು ಮುಟ್ಟಲಿಲ್ಲ.

ದೀಪಾವಳಿಯೂ ಕಳೆಯಿತು. ಒಂದು ಬೆಳಿಗ್ಗೆ ಅಮ್ಮ ನನ್ನನ್ನು ಹೊರಡಿಸಿಕೊಂಡು ಶೆಡ್ಡಿಗೇ ಹೋದಳು. ಮಾವ ಪೈಪಿಗೆ ಎಣ್ಣೆ ಬಿಡುತ್ತಾ ಕೂತಿದ್ದ. ಅಮ್ಮ ಅವನ ಎದುರಿಗೆ ಡ್ರಮ್ಮಿನ ಮೇಲೆ ಕೂತಳು.

"ಯಾಕೋ ಹೆದರ್ತಿದೀಯ?"

ಮಾವ ಪೈಪಿನಿಂದ ಕಣ್ಣೆತ್ತದೆ ಹೇಳಿದ: "ನೀನಾದ್ರೂ ನೋಡಿದೀಯ ಅಕ್ಕಾ. ನನಗೆ ಅಮ್ಮ ಅಂದ್ರೆ ನೀನು ಹೇಳಿದ್ದು ಅಷ್ಟೇ. ಎತ್ತರಕ್ಕಿದ್ಲು, ದೊಡ್ಡ ಕೈ, ಒಂದೇ ಕೈಲಿ ನಿನ್ನ ಎತ್ಕೊಳ್ಳೋಳು ಅಂತೆಲ್ಲ. ಈಗ ಹೊಡ್ದು ಹಾರಿಹೋದ್ರೆ, ಇದ್ದಿದ್ದೊಂದನ್ನ ನಾನೇ ಅಳಿಸ್ದಂಗೆ. ಹಂಗೇ ಇದ್ರೆ, ಒಳಗೆ ಇದೆ ಅಂತಾದ್ರೂ ಅನ್ಕೊಂಡಿರ್ಬೋದು."

ಅಮ್ಮ ನೆಲ ನೋಡಿದಳು. "ನನಗೂ ಮುಖ ಮರ್ತೋಗಿದೆ ಕಣೋ" ಎಂದಳು. "ನಿನಗೆ ಹೇಳ್ತಾ ಹೇಳ್ತಾ, ಹೇಳಿದ ಮಾತು ಮಾತ್ರ ಉಳ್ಕೊಂಡಿದೆ. ಕಣ್ಮುಚ್ಚಿದ್ರೆ ಏನೂ ಬರಲ್ಲ. ನನಗೂ ಅದೊಂದೇ ಇರೋದು. ಹೋದ್ರೆ ಹೋಗ್ಲಿ, ನೀನು ಹೊಡಿ."

ಅಮ್ಮ ತನ್ನ ತಾಯಿಯ ಮುಖ ಮರೆತಿದ್ದಾಳೆ ಎಂಬುದು ನನಗೂ ಗೊತ್ತಿರಲಿಲ್ಲ. ಮಾವ ಎಣ್ಣೆಯ ಡಬ್ಬಿ ಕೆಳಗಿಟ್ಟ. ಕೆಲಸಗಾರರನ್ನು ಟೀಗೆ ಕಳುಹಿಸಿದ. ಅತ್ತೆಗೆ ಫೋನು ಮಾಡಿ ಹಲಗೆಯನ್ನು ಗಾಡಿಯಲ್ಲಿ ತರಿಸಿದ. ಅತ್ತೆ ಅದನ್ನು ಇಳಿಸಲು ತಾನೂ ಒಂದು ಕಡೆ ಹಿಡಿದಳು.

ಮಾವ ಮುಖವಾಡದಂಥ ಟೋಪಿ ಹಾಕಿಕೊಂಡ. ಕಂಪ್ರೆಸರಿನ ನೀರು ಇಳಿಸಿದ, ಮತ್ತೊಮ್ಮೆ ನೋಡಿದ. ಜೋಳದ ದಿಂಡಿನ ಪುಡಿ ತುಂಬಿದ. ನಾವು ಮೂವರು ಹೆಂಗಸರು ಪುಡಿ ಹೊಡೆಯುವ ಕೋಣೆಯ ಗಾಜಿನ ಕಿಟಕಿಯ ಈಚೆ ನಿಂತೆವು. ಮೊದಲು ನೀಲಿಯ ಮೇಲೆ ಹೊಡೆದ. ಏನೂ ಆಗಲಿಲ್ಲ. ಕೂದಲೆಳೆಯಷ್ಟು ಏರಿಸಿದ. ನೀಲಿ ಮಂಕಾಯಿತು, ಬಿರುಕು ಬಿಟ್ಟಿತು, ಚಕ್ಕೆ ಚಕ್ಕೆಯಾಗಿ ಎದ್ದಿತು. ಕೆಳಗಿನಿಂದ ಹಸಿರು ಬಂತು. ಹಸಿರು ಒಂದು ಕಡೆ ಒಡೆದು ಬಿಳುಪು ಕಂಡದ್ದೇ ತಡ, ಮಾವನ ಎಡಗೈ ಗಾಳಿಯ ತಿರುಪಿಗೆ ಹೋಯಿತು. ಇಳಿಸಿದ. ಇನ್ನೂ ಇಳಿಸಿದ. ಪೈಪನ್ನು ದೂರಕ್ಕೆ ಹಿಡಿದ. ಕೊನೆಗೆ ಆ ಗಾಳಿ ಬಿಸಿ ಹಾಲನ್ನು ಆರಿಸುವಷ್ಟು ಮೆತ್ತಗಾಗಿತ್ತು. ಸುಣ್ಣ ಹೊಗೆಯ ಹಾಗೆ ಎದ್ದು ಹೋಗುತ್ತಿತ್ತು. ಮೊದಲು ಒಂದು ಕಿರುಬೆರಳು ಕಂಡಿತು.

ಅತ್ತೆ ನನ್ನ ಮೊಣಕೈ ಹಿಡಿದುಕೊಂಡಳು. ಉಂಗುರದ ಬೆರಳು ಬಂತು, ನಡುಬೆರಳು ಬಂತು. ಅಂಗೈ ಬಂತು. ಹೆಬ್ಬೆರಳಿನ ಬುಡದ ಹತ್ತಿರ ಒಂದಿಷ್ಟು ಗಾರೆ ಉದುರಿತು. ಮಾವ ಅಲ್ಲಿಗೆ ನಿಲ್ಲಿಸಿದ. ಗಾಳಿ ಬಂದ್ ಮಾಡಿ, ಟೋಪಿ ತೆಗೆದು, ಬಾಗಿಲು ತೆರೆದು ಅಮ್ಮನನ್ನು ಕರೆದ.

ಅಮ್ಮ ಹೋಗಿ ಹಲಗೆಯ ಮುಂದೆ ಕೂತಳು. ತನ್ನ ಬಲಗೈಯನ್ನು ಆ ಅಚ್ಚಿನ ಮೇಲೆ ಇಟ್ಟಳು. ಅದು ಒಳಗೆ ಹೋಗಲಿಲ್ಲ. ಅಮ್ಮನ ಬೆರಳುಗಳು ಆಚೆಗೆ ಚಾಚಿಕೊಂಡವು, ಅಂಗೈ ಅಂಚಿನ ಮೇಲೇ ನಿಂತಿತು. ಅಮ್ಮ ಕೈ ತೆಗೆದು ನೋಡಿ, ಮತ್ತೆ ಇಟ್ಟಳು.

ಮಾವ ಬಗ್ಗಿ ನೋಡಿದ. "ಅಕ್ಕಾ, ಅಮ್ಮ ಎತ್ತರ ಅಂತ ನೀನು ಅಂದಿದ್ದೆ. ದೊಡ್ಡ ಕೈ ಅಂದಿದ್ದೆ."

"ನಾನು ಚಿಕ್ಕೋಳಿದ್ದೆ ಕಣೋ" ಎಂದಳು ಅಮ್ಮ. "ನನಗೆ ದೊಡ್ಡೋಳಾಗಿ ಕಾಣಿಸ್ತಿದ್ಲು."

"ಇದು ಹುಡುಗಿ ಕೈ."

"ಹೂಂ. ಆ ಹುಡುಗೀನೇ ನಮ್ಮಿಬ್ರನ್ನೂ ಹೆತ್ತು ಹೋಗಿದ್ದು."

ಎಪ್ಪತ್ತರ ಅಮ್ಮ, ಅರವತ್ತರ ಮಾವ. ಅವರ ತಾಯಿ ಅವರಿಬ್ಬರಿಗಿಂತಲೂ ತುಂಬ ಚಿಕ್ಕವಳಾಗಿ ಅಲ್ಲಿ ಕೈ ಚಾಚಿಕೊಂಡಿದ್ದಳು. ನಾನು ಅಳಬಾರದು ಎಂದುಕೊಂಡಿದ್ದೆ. ಅತ್ತೆ ಆಗಲೇ ಅಳುತ್ತಿದ್ದಳು.

ಮಾವ ನೆಲದ ಮೇಲೆ ಕೂತ. ಅದು ಎಷ್ಟು ಪಾಯಿಂಟು ತಡೆಯುತ್ತದೆ ಎಂದು ಸವರಿ ನೋಡಲಿಲ್ಲ. ಬಗ್ಗಿ, ನರೆತ ಗಡ್ಡದ ತನ್ನ ಕೆನ್ನೆಯನ್ನು ಆ ಪುಟ್ಟ ಅಂಗೈಯೊಳಗೆ ಇಟ್ಟು ಕಣ್ಣು ಮುಚ್ಚಿದ. ಅಮ್ಮ ಅವನ ತಲೆಯ ಮೇಲಿನ ಜೋಳದ ಪುಡಿಯನ್ನು ಕೊಡವುತ್ತಾ ಕೂತಳು.